ಬಿ.ಪಿ. ಮಾತ್ರೆಯೂ ಬೆಳೆಯುವ ವಸಡೂ

ಮಾನ್ಯ ಸಂಪಾದಕರೇ,

ರಕ್ತದೊತ್ತಡಕ್ಕೆ ಅಮ್ಲೋಡಿಪಿನ್ ನುಂಗುವ ಹಿರಿಯರು ನಮ್ಮ ಜಿಲ್ಲೆಯ ಊರೂರಿನಲ್ಲೂ ಇದ್ದಾರೆ. ಅಂಥವರ ಮನೆಯವರು ಅವರ ವಸಡನ್ನೂ ಆಗಾಗ ನೋಡುತ್ತಿರಬೇಕೆಂದು ಕೋರಿ ಈ ಪತ್ರ ಬರೆಯುತ್ತಿದ್ದೇನೆ.

ನನ್ನ ತಾಯಿಯ ವಸಡು ಬೆಳೆದು ಮುಂದಿನ ಹಲ್ಲುಗಳನ್ನು ಅರ್ಧ ಮುಚ್ಚಿದ್ದರೂ ನಮಗೆ ತಿಳಿದಿರಲಿಲ್ಲ. ಮುದ್ದೆಯನ್ನು ಅಗಿಯುವ ಗೋಜಿಲ್ಲವಾದ್ದರಿಂದ ಊಟ ಎಂದಿನಂತೆಯೇ ಸಾಗಿತ್ತು. ಸಂಕ್ರಾಂತಿಯಂದು ಕಬ್ಬಿನ ತುಂಡನ್ನು ಪಕ್ಕಕ್ಕಿಟ್ಟಾಗಲೇ ನಮಗೆ ಅನುಮಾನ ಬಂದದ್ದು. ವಯಸ್ಸಾದಂತೆ ವಸಡು ಸವೆಯುವುದನ್ನು ಕೇಳಿದ್ದೆವೇ ಹೊರತು ಬೆಳೆಯುವುದನ್ನು ಕೇಳಿರಲಿಲ್ಲ. ಮೊದಲು ತೋರಿಸಿದ ಕಡೆ ಹಲ್ಲು ಕ್ಲೀನ್ ಮಾಡಿ ಕಳುಹಿಸಿದರು. ಯಾವ ಮಾತ್ರೆ ತೆಗೆದುಕೊಳ್ಳುತ್ತಾರೆಂದು ಅವರು ಕೇಳಲಿಲ್ಲ, ನಾವೂ ಹೇಳಲಿಲ್ಲ. ಎರಡನೆಯ ದಂತವೈದ್ಯರು ಮಾತ್ರ ಬಿ.ಪಿ. ಡಾಕ್ಟರ ಚೀಟಿ ತರಿಸಿ ನೋಡಿ, ವಸಡು ಬೆಳೆಯಲು ಅಮ್ಲೋಡಿಪಿನ್ ಮಾತ್ರೆಯೇ ಕಾರಣವೆಂದು ಹೇಳಿದರು.

ಇದು ಹೊಸ ಸಂಗತಿಯೇನಲ್ಲ. ಮೂರ್ಛೆರೋಗಕ್ಕೆ ಫೆನಿಟಾಯಿನ್ ಬಳಕೆಗೆ ಬಂದದ್ದು 1938ರಲ್ಲಿ. ಅದರಿಂದ ವಸಡು ಬೆಳೆಯುತ್ತದೆಂಬ ವರದಿ 1939ರಲ್ಲೇ ಪ್ರಕಟವಾಗಿತ್ತು. ಮೂತ್ರಪಿಂಡ ಕಸಿಯಾದವರಿಗೆ ಕೊಡುವ ಸೈಕ್ಲೋಸ್ಪೋರಿನ್, ಬಿ.ಪಿ.ಯ ನಿಫೆಡಿಪಿನ್ ಕೂಡ ಇದೇ ಸಾಲಿನವು. ಅಮ್ಲೋಡಿಪಿನ್‌ನಿಂದ ಇದು ಕೆಲವರಿಗಷ್ಟೇ ಆಗುತ್ತದೆ. ಆದರೆ ಅದನ್ನು ನುಂಗುವವರ ಸಂಖ್ಯೆಯೇ ದೊಡ್ಡದಾದ್ದರಿಂದ ಆ ಕೆಲವರೂ ಕಡಿಮೆಯೇನಲ್ಲ. ಸಾಮಾನ್ಯವಾಗಿ ಮುಂದಿನ ಹಲ್ಲುಗಳ ನಡುವಿನ ಮೂಲೆಯಲ್ಲಿ ವಸಡು ದಪ್ಪಗಾಗುವುದರಿಂದ ಇದು ಆರಂಭವಾಗುತ್ತದೆ. ಹಲ್ಲಿನ ಬುಡದಲ್ಲಿ ಕೊಳೆ ನಿಂತಷ್ಟೂ ಉಲ್ಬಣಿಸುತ್ತದೆ.

ವಿಷಯ ತಿಳಿದೊಡನೆ ತಾಯಿ ಮಾತ್ರೆಯ ಪಟ್ಟಿಯನ್ನೇ ಎಸೆಯಲು ಹೊರಟಿದ್ದರು. ಬಿ.ಪಿ.ಯ ಮಾತ್ರೆಯನ್ನಾಗಲಿ ಫಿಟ್ಸ್ ಮಾತ್ರೆಯನ್ನಾಗಲಿ ನಾವಾಗಿಯೇ ನಿಲ್ಲಿಸಿದರೆ ಪಾರ್ಶ್ವವಾಯುವಿಗೋ ಬಿಡದೆ ಬರುವ ಫಿಟ್ಸ್‌ಗೋ ದಾರಿಯಾಗಬಹುದು. ಬದಲಿ ಔಷಧ ಕೊಡುವ ತೀರ್ಮಾನ ಅದನ್ನು ಬರೆದ ವೈದ್ಯರದೇ. ತಾಯಿಗೆ ಅವರು ಬೇರೆ ಗುಂಪಿನ ಮಾತ್ರೆ ಕೊಟ್ಟ ಮೇಲೆ, ದಿನಕ್ಕೆರಡು ಬಾರಿ ನಿಧಾನವಾಗಿ ಹಲ್ಲುಜ್ಜುತ್ತಾ ಬಂದುದರಿಂದ, ಕೆಲವು ತಿಂಗಳಲ್ಲಿ ವಸಡು ಬಹುಮಟ್ಟಿಗೆ ಇಳಿಯಿತು. ಇಳಿಯದಿದ್ದವರಿಗೆ ಹೆಚ್ಚಿನ ಭಾಗವನ್ನು ಕತ್ತರಿಸಿ ತೆಗೆಯುವ ಚಿಕಿತ್ಸೆಯಿದೆ, ಆದರೆ ಅದೇ ಔಷಧ ಮುಂದುವರಿದರೆ ಮತ್ತೆ ಬೆಳೆಯುವುದುಂಟು.

ಮೂವತ್ತು ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಬಿ.ಪಿ., ಶುಗರ್ ಜೊತೆಗೆ ಬಾಯಿ ಕ್ಯಾನ್ಸರ್ ತಪಾಸಣೆಯೂ ನಡೆಯುತ್ತದೆ. ಹೇಗೂ ಬಾಯಿ ತೆರೆಸುವಾಗ ವಸಡನ್ನೂ ನೋಡಿ, ಬಿ.ಪಿ. ಮಾತ್ರೆಯ ಹೆಸರಿನ ಪಕ್ಕದಲ್ಲೇ ಬರೆದಿಡುವಂತೆ ಜಿಲ್ಲಾ ಆರೋಗ್ಯಾಧಿಕಾರಿಗಳು ಸೂಚಿಸಬೇಕೆಂದು ವಿನಂತಿಸುತ್ತೇನೆ.

– ಒಬ್ಬ ನಿವೃತ್ತ ಶಿಕ್ಷಕ, ಪಾಂಡವಪುರ