ಮೂರನೇ ವಾರಕ್ಕೆ ನಿಂತುಹೋಗುವ ಮಾತ್ರೆ

ಮಾನ್ಯ ಸಂಪಾದಕರೇ,

ಖಿನ್ನತೆ ಎಂದರೆ ಪೇಟೆಯವರ, ಓದಿದವರ ಕಾಯಿಲೆ ಎಂಬ ಭಾವನೆ ನಮ್ಮ ಹಳ್ಳಿಗಳಲ್ಲಿ ಇನ್ನೂ ಗಟ್ಟಿಯಾಗಿದೆ. ಇಲ್ಲಿ ಯಾರೂ ಮನಸ್ಸು ಸರಿಯಿಲ್ಲವೆಂದು ಆಸ್ಪತ್ರೆಗೆ ಹೋಗುವುದಿಲ್ಲ. ಮೈಕೈ ನೋವು, ತಲೆಭಾರ, ಊಟ ಸೇರುವುದಿಲ್ಲ, ನಡುರಾತ್ರಿ ಎಚ್ಚರವಾದರೆ ಮತ್ತೆ ನಿದ್ದೆ ಹತ್ತುವುದಿಲ್ಲ ಎಂದು ಹೋಗುತ್ತಾರೆ. ಗ್ಯಾಸ್ಟ್ರಿಕ್ ಮಾತ್ರೆಯನ್ನೋ ಒಂದು ಬಾಟಲಿ ಗ್ಲೂಕೋಸನ್ನೋ ಹಾಕಿಸಿಕೊಂಡು ಮರಳುತ್ತಾರೆ.

ನನ್ನ ಅತ್ತಿಗೆಯವರಿಗೂ ಹೀಗೇ ಆಯಿತು. ನಮ್ಮೂರ ಡೇರಿಗೆ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹಾಲು ಹಾಕುತ್ತಿದ್ದವರು, ಅಣ್ಣ ತೀರಿಕೊಂಡ ಮರುವರ್ಷ ಹಸು ಕೊಟ್ಟಿಗೆಯಲ್ಲಿ ಕೂಗುತ್ತಿದ್ದರೂ ಹಾಸಿಗೆ ಬಿಟ್ಟು ಏಳದಂತಾದರು. ಸೋಮಾರಿತನ ಎಂದವರಿದ್ದರು, ಗಾಳಿ ಸೋಕಿದೆ ಎಂದವರೂ ಇದ್ದರು. ನಾವು ತಾಯಿತವನ್ನೂ ಕಟ್ಟಿಸಿದೆವು. ಎಂಟು ತಿಂಗಳು ಕಳೆದ ಮೇಲೆ ವೈದ್ಯರೊಬ್ಬರು, ಥೈರಾಯ್ಡ್ ಕೊರತೆಯಿಂದಲೂ ಇಂಥ ಸುಸ್ತು, ಬೇಸರ ಬರುವುದುಂಟೆಂದು ರಕ್ತ ಪರೀಕ್ಷೆ ಮಾಡಿಸಿ, ಅದು ಸರಿಯಿದ್ದುದನ್ನು ಕಂಡು, ಇದು ಖಿನ್ನತೆ ಎಂದು ಹೇಳಿದರು. ಮಾತ್ರೆ ಶುರುವಾಯಿತು. ಗುಣ ಕಾಣಲಿಲ್ಲ, ಅದು ನಿದ್ದೆ ಮಾತ್ರೆ, ಚಟವಾಗಿಬಿಡುತ್ತದೆ ಎಂಬ ಮಾತು ಕೇಳಿ ಮೂರನೇ ವಾರಕ್ಕೆ ನಾವೇ ನಿಲ್ಲಿಸಿದೆವು.

ನಾವು ತಪ್ಪಿದ್ದು ಅಲ್ಲೇ. ಖಿನ್ನತೆಗೆ ಕೊಡುವ ಮಾತ್ರೆಗಳು ಕೆಲಸ ತೋರಿಸಲು ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ, ಕೆಲವರಲ್ಲಿ ಇನ್ನೂ ಹೆಚ್ಚು ಸಮಯ ಬೇಕು. ಹುಷಾರಾದ ನಂತರವೂ ಕನಿಷ್ಠ ಆರು ತಿಂಗಳು ಮುಂದುವರಿಸಿ, ವೈದ್ಯರು ಹೇಳಿದಂತೆ ನಿಧಾನವಾಗಿ ಇಳಿಸಬೇಕು. ಅವು ಚಟ ಹಿಡಿಸುವ ಔಷಧಿಗಳಲ್ಲ. ಇದನ್ನು ಚೀಟಿ ಬರೆಯುವಾಗಲೇ ಯಾರಾದರೂ ಬಿಡಿಸಿ ಹೇಳಿದ್ದರೆ ಅತ್ತಿಗೆ ಇನ್ನೊಂದು ವರ್ಷ ನರಳಬೇಕಾಗುತ್ತಿರಲಿಲ್ಲ. ಎರಡನೇ ಸಲ ಮಾತ್ರೆಯ ಜೊತೆ ಆಪ್ತಸಮಾಲೋಚನೆಯೂ ಸಿಕ್ಕಿತು. ಸಮಾಲೋಚಕಿ ಉಪದೇಶ ಮಾಡಲಿಲ್ಲ. ಮನಸ್ಸು ಬರಲಿ ಬಿಡಲಿ, ದಿನಕ್ಕೊಮ್ಮೆ ಕೊಟ್ಟಿಗೆಯವರೆಗೆ ನಡೆದು ಬನ್ನಿ ಎಂದಷ್ಟೇ ಹೇಳಿದರು. ಹಾಲು ಕರೆಯುವುದು ಆಮೇಲಿನ ಮಾತಾಯಿತು.

2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ನಮ್ಮ ದೇಶದ ವಯಸ್ಕರಲ್ಲಿ ಇಪ್ಪತ್ತಕ್ಕೆ ಒಬ್ಬರು ಬದುಕಿನಲ್ಲಿ ಒಮ್ಮೆಯಾದರೂ ಖಿನ್ನತೆ ಅನುಭವಿಸಿದವರು. ವಂಶದ ಒಲವು, ಸಾವು, ಸಾಲ, ಬಾಣಂತನ, ಕುಡಿತ, ದೀರ್ಘ ಕಾಯಿಲೆ ಹೀಗೆ ಕಾರಣಗಳು ಹಲವು, ಬಹಳ ಸಲ ಒಂದಕ್ಕೊಂದು ಸೇರಿಕೊಂಡೇ ಇರುತ್ತವೆ. ಧೈರ್ಯ ತಂದುಕೋ ಎಂಬ ಮಾತಿನಿಂದ ಅವು ಕರಗುವುದಿಲ್ಲ.

ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತರಬೇತಿ ಕೊಟ್ಟು ಊರಿನ ಹತ್ತಿರವೇ ಮಾನಸಿಕ ಚಿಕಿತ್ಸೆ ನೀಡಬಹುದೆಂದು ದೇಶಕ್ಕೆ ತೋರಿಸಿದ್ದು 1980ರ ದಶಕದಲ್ಲಿ ನಮ್ಮ ಬಳ್ಳಾರಿಯಲ್ಲಿ ನಿಮ್ಹಾನ್ಸ್ ನಡೆಸಿದ ಪ್ರಯೋಗ. 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. 2022ರಿಂದ ಟೆಲಿ ಮಾನಸ್ ಸಹಾಯವಾಣಿ 14416 ಕೂಡ ಇದೆ, ಕನ್ನಡದಲ್ಲೇ ಮಾತನಾಡಬಹುದು.

ಆದ್ದರಿಂದ ಆರೋಗ್ಯ ಇಲಾಖೆಯಲ್ಲಿ ನನ್ನ ಕೋರಿಕೆ ಇಷ್ಟೇ. ಕಾರಣ ಸಿಗದ ನೋವೆಂದು ಬಂದವರನ್ನು, ಕಳೆದ ಎರಡು ವಾರದಿಂದ ಬೇಸರವಿದೆಯೇ, ಮೊದಲು ಇಷ್ಟವಿದ್ದ ಕೆಲಸದಲ್ಲಿ ಆಸಕ್ತಿ ಹೋಗಿದೆಯೇ ಎಂದು ವೈದ್ಯರು ಕೇಳಲಿ. ತಾಲ್ಲೂಕು ಆಸ್ಪತ್ರೆಯಲ್ಲಿ ಮಾತ್ರೆ ನಡುವೆ ಮುಗಿಯದಂತೆ ದಾಸ್ತಾನು ಇರಲಿ. ಚಿಕಿತ್ಸೆ ಶುರುವಾದ ಮೂರನೇ ವಾರ ಆಶಾ ಕಾರ್ಯಕರ್ತೆಯೊಬ್ಬರು ಆ ಮನೆಗೆ ಹೋಗಿ, ಮಾತ್ರೆ ನುಂಗುತ್ತಿದ್ದಾರೆಯೇ ಎಂದು ವಿಚಾರಿಸಿ ಬರಲಿ.

– ನಿವೃತ್ತ ಶಿಕ್ಷಕ, ತುಮಕೂರು ಜಿಲ್ಲೆ