ಮಗಳಿಗೊಂದು ಪತ್ರ: ಬೆಂಚಿನ ಮೇಲೆ ಕೂತವರು

ಬೆಟಗೇರಿ, ಗುರುವಾರ

ಚಿ. ಅಕ್ಕವ್ವನಿಗೆ ನಿನ್ನ ಅಪ್ಪನ ಆಶೀರ್ವಾದಗಳು. ನಾವಿಬ್ಬರೂ ಇಲ್ಲಿ ಕ್ಷೇಮ.

ಹಿರಿಯರ ಪಕ್ಕದಲ್ಲಿ ಕೂತು ನೋಡುವ ಕಾಲ ಮುಗಿಯಿತು, ಬರುವ ಸೋಮವಾರದಿಂದ ಹುಬ್ಬಳ್ಳಿಯ ಆಪ್ತಸಮಾಲೋಚನೆ ಕೋಣೆಯಲ್ಲಿ ಒಬ್ಬಳೇ ಕೂತು, ಮನಸ್ಸಿನ ತೊಂದರೆ ಹೇಳಿಕೊಳ್ಳಲು ಬರುವ ಹೊಸಬರನ್ನು ಮಾತನಾಡಿಸುತ್ತೇನೆ ಎಂದು ನೀನು ಮೊನ್ನೆ ಫೋನಿನಲ್ಲಿ ಹೇಳಿದಾಗ, ಹಿಗ್ಗಿನಲ್ಲಿ ನಾನು "ನಮ್ಮ ಗದಗ ಕಡೆಯವರು ಯಾರರೆ ಬರಾಕತ್ತಾರೇನು?" ಎಂದು ಕೇಳಿದೆ. "ಅಪ್ಪಾ, ಅದನ್ನ ನೀ ಕೇಳಬಾರದು, ನಾ ಹೇಳಬಾರದು" ಎಂದೆ. ಆಮೇಲೆ ಇಬ್ಬರೂ ಸುಮ್ಮನಾಗಿ, ಮಳೆಯ ಮಾತು ಎತ್ತಿಕೊಂಡು, ಫೋನ್ ಇಟ್ಟೆವು. "ಹಡೆದವರಿಗೂ ಹೇಳಬಾರದಂಥಾದ್ದು ಅದೇನೈತಿ" ಎಂದು ನಿನ್ನ ಅವ್ವ ರಾತ್ರಿ ಊಟದವರೆಗೆ ಗೊಣಗಿದಳು. ನಾನು ಸುಮ್ಮನಾದದ್ದು ಸಿಟ್ಟಿನಿಂದ ಎಂದು ನೀನು ತಿಳಿದಿದ್ದರೆ ಅದನ್ನು ಮನಸ್ಸಿನಿಂದ ತೆಗೆದುಹಾಕು. ನನಗೆ ಆ ಕ್ಷಣ ಬೇರೆ ಯಾರೋ ನೆನಪಾದರು. ಫೋನಿನಲ್ಲಿ ಹೇಳುವಂಥ ಮಾತಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಟಪಾಲು ಕಚೇರಿಯಲ್ಲಿಯೇ ಜೀವ ಸವೆಸಿದವನಿಗೆ ಮಾತಿಗಿಂತ ಕಾಗದ ಸಲೀಸು.

ನೀನು ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಮನಃಶಾಸ್ತ್ರ ಓದುತ್ತೇನೆಂದ ವರ್ಷ ನಮ್ಮ ಪಡಸಾಲೆಯಲ್ಲಿ ನಡೆದ ಮಾತುಗಳನ್ನು ಇಲ್ಲಿ ತೆಗೆಯುವುದಿಲ್ಲ. ನಿನಗೂ ನೆನಪಿವೆ, ನನಗೂ ನೆನಪಿವೆ.

ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ, ಎಂಬತ್ತರ ದಶಕದ ಆರಂಭದಲ್ಲಿ, ರೋಣ ತಾಲೂಕಿನ ಒಂದು ಊರಿನ ಅಂಚೆ ಕಚೇರಿಯಲ್ಲಿದ್ದೆ. ಆ ಊರಿನ ಒಬ್ಬ ರೈತನ ವಿಷಯ ಬರೆಯುತ್ತೇನೆ, ಹೆಸರು ಬರೆಯುವುದಿಲ್ಲ. ನೀನು ಊಹಿಸಲೂ ಹೋಗಬೇಡ. ನಿನ್ನ ಅವ್ವನಿಗೂ ನಾನು ಪೂರ್ತಿ ಹೇಳಿದವನಲ್ಲ. ಎರಡು ಎತ್ತು, ಎರೆಹೊಲ, ಹತ್ತಿ, ಉಳ್ಳಾಗಡ್ಡಿ ಬೆಳೆಯುತ್ತಿದ್ದ ಮನುಷ್ಯ. ಒಂದು ವರ್ಷ ಸುಗ್ಗಿಯ ಹೊತ್ತಿಗೆ ಅವನಿಗೆ ನಿದ್ದೆ ಹೋಯಿತು. ರಾತ್ರಿ ಎದ್ದು ಹೊಲಕ್ಕೆ ಓಡುವುದು, ಯಾರೋ ಕರೆಯುತ್ತಿದ್ದಾರೆಂದು ಉತ್ತರ ಕೊಡುವುದು ಶುರುವಾಯಿತು. ಗುಡಿ, ತಾಯಿತ, ಅಂಗಾರ ಎಲ್ಲ ಮುಗಿದ ಮೇಲೆ ಹೆಂಡತಿಯ ಅಣ್ಣ ಬಂದು ಧಾರವಾಡಕ್ಕೆ ಕರೆದುಕೊಂಡು ಹೋದ. 1845ರಲ್ಲಿ ಬ್ರಿಟಿಷರ ಕಾಲದಲ್ಲಿ ಆರಂಭವಾಗಿ ಈಗ ಡಿಮ್ಹಾನ್ಸ್ ಎಂಬ ಮಾನಸಿಕ ಆರೋಗ್ಯ ಸಂಸ್ಥೆಯಾಗಿರುವ ಅದೇ ಆಸ್ಪತ್ರೆ. ಆಗ ನಮ್ಮ ಕಡೆ ಅದಕ್ಕಿದ್ದ ಹೆಸರು ನಿನಗೆ ಗೊತ್ತು. "ಇಂವನ್ನ ಧಾರವಾಡಕ್ಕ ಕಳಸಬೇಕು" ಎಂದರೆ ಇಡೀ ಕಟ್ಟೆ ನಗುತ್ತಿತ್ತು.

ಅಲ್ಲಿಂದ ಆ ಅಣ್ಣ ತಂಗಿಗೆ ಒಂದು ಕಾರ್ಡು ಬರೆದ. ಸೇರಿಸಿಕೊಂಡಿದ್ದಾರೆ, ಇನ್ನೂ ಹದಿನೈದು ದಿನ ಇರಬೇಕಂತೆ, ಗುಳಿಗೆ ಕೊಟ್ಟ ಮೇಲೆ ನಿದ್ದೆ ಹತ್ತಿದೆ, ಬರುವವರ ಕೈಯಲ್ಲಿ ಜೋಳದ ಹಿಟ್ಟು ಕಳಿಸು. ಇಷ್ಟೇ. ಪೋಸ್ಟ್‌ಮನ್ ಅದನ್ನು ನಿಯಮದ ಪ್ರಕಾರ ಅವಳ ಕೈಗೇ ಕೊಟ್ಟ. ಅವಳಿಗೆ ಓದು ಬರುತ್ತಿರಲಿಲ್ಲ. ಎಂದಿನಂತೆ ನನ್ನ ಬಳಿ ಓದಿಸಿಕೊಳ್ಳಲು ಬಂದಿದ್ದಾಳೆ, ಕಚೇರಿಯ ವೇಳೆ ಮುಗಿದು ಕೀಲಿ ಬಿದ್ದಿದೆ. ಗಂಡನ ಸುದ್ದಿ ತಿಳಿಯದೆ ದಿನ ಕಳೆದವಳು ಮರುದಿನದವರೆಗೆ ಹೇಗೆ ಕಾದಾಳು? ಕಿರಾಣಿ ಅಂಗಡಿಗೆ ಹೋದಳು. ಅಂಗಡಿಯವನು ಒಳ್ಳೆಯವನೇ, ಉದ್ದರಿ ಕೊಡುವವನು, ಅಳುವವಳನ್ನು ಕೂರಿಸಿ ನೀರು ಕೊಟ್ಟು ಕಾರ್ಡು ಓದಿದ. ಆದರೆ ಓದುವುದೆಂದರೆ ಗಟ್ಟಿಯಾಗಿ ಓದುವುದು ಎಂದೇ ಅವನ ರೂಢಿ. ಎಣ್ಣೆಗೆ ನಿಂತವರು ಕೇಳಿದರು, ಬೀಡಿಗೆ ಬಂದವರು ಕೇಳಿದರು, ದೀಪ ಹಚ್ಚುವ ಹೊತ್ತಿಗೆ ಊರೆಲ್ಲ ಕೇಳಿತ್ತು.

ಇದನ್ನು ನಾನು ಎಷ್ಟೋ ರಾತ್ರಿ ಯೋಚಿಸಿದ್ದೇನೆ, ಅಕ್ಕವ್ವಾ. ಇದರಲ್ಲಿ ತಪ್ಪಿತಸ್ಥ ಎನ್ನುವವನು ಒಬ್ಬನೂ ಸಿಗುವುದಿಲ್ಲ. ಬರೆದವನದು ತಪ್ಪಲ್ಲ, ಕಾರ್ಡು ಅಗ್ಗ. ಕೊಟ್ಟವನದಲ್ಲ, ಓದಿಸಿದವಳದಲ್ಲ, ಓದಿದವನದೂ ಅಲ್ಲ. ಆಗ ಜಾರಿಯಲ್ಲಿದ್ದ 1898ರ ಅಂಚೆ ಕಾಯ್ದೆಯ ಪ್ರಕಾರ ನಮ್ಮ ನೌಕರನೊಬ್ಬ ಲಕೋಟೆ ಒಡೆದರೆ ಅಪರಾಧವಾಗುತ್ತಿತ್ತು. ಕಾರ್ಡಿನಲ್ಲಿ ಒಡೆಯುವುದಕ್ಕೆ ಏನಿದೆ? ಎಲ್ಲರೂ ಸರಿಯಾಗಿ ನಡೆದುಕೊಂಡು ಆ ಮನುಷ್ಯನ ಮಾನವನ್ನು ಬೀದಿಗೆ ತಂದುಬಿಟ್ಟರು.

ಅವನು ಗುಣವಾಗಿ ಬಂದ. ಮೊದಲಿಗಿಂತ ಚೆನ್ನಾಗಿ ಬಿತ್ತಿದ. ಆದರೆ ಊರಿನಲ್ಲಿ ಯಾರೂ ಅವನನ್ನು ಸಾಲದ ಕಾಗದಕ್ಕೆ ಸಾಕ್ಷಿ ಹಾಕಿಸಿಕೊಳ್ಳಲಿಲ್ಲ. "ಅಂವನ ಸಹಿ ಬ್ಯಾಡ" ಎನ್ನುತ್ತಿದ್ದರು. ಔಷಧಕ್ಕೆ ಮತ್ತೆ ಮತ್ತೆ ಹೋಗಬೇಕಲ್ಲ, ಗದಗಿನ ನಿಲ್ದಾಣದಲ್ಲಿ ಅವನು ಧಾರವಾಡದ ಬಸ್ಸು ಹತ್ತುತ್ತಿರಲಿಲ್ಲ. ಹತ್ತಿಯ ದರ ಕೇಳಿಬರುತ್ತೇನೆಂದು ಹೇಳಿ ಹುಬ್ಬಳ್ಳಿಗೆ ಟಿಕೀಟು ತೆಗೆಸಿ, ಅಲ್ಲಿಳಿದು, ಮುಂದಿನ 20 ಕಿಲೋಮೀಟರಿಗೆ ಬೇರೆ ಬಸ್ಸು ಹಿಡಿಯುತ್ತಿದ್ದ. ಹೋಗುವ ಮೊದಲು ನನ್ನ ಕಿಟಕಿಗೆ ಬಂದು ಲಕೋಟೆ ಕೊಳ್ಳುತ್ತಿದ್ದ. ಅದರ ಮೇಲೆ ತನ್ನದೇ ವಿಳಾಸವನ್ನು ನನ್ನಿಂದ ಬರೆಯಿಸಿಕೊಂಡು ಒಯ್ಯುತ್ತಿದ್ದ, ಡಾಕ್ಟರರು ಏನಾದರೂ ತಿಳಿಸುವುದಿದ್ದರೆ ಮುಚ್ಚಿದ ಲಕೋಟೆಯಲ್ಲೇ ಬರಲಿ ಎಂದು. ಏಕೆ ಎಂದು ನಾನು ಕೇಳಲಿಲ್ಲ, ಅವನು ಹೇಳಲಿಲ್ಲ. ಕೆಲವು ವರ್ಷ ಹೀಗೆ ನಡೆಯಿತು. ಹಿರಿಯ ಮಗಳಿಗೆ ಗಂಡು ನೋಡತೊಡಗಿದಾಗ, ಬೀಗರ ಕಡೆಯವರ ಕಣ್ಣಿಗೆ ಬಿದ್ದೇನೆಂದು ಹೆದರಿ ಧಾರವಾಡಕ್ಕೆ ಹೋಗುವುದನ್ನೇ ನಿಲ್ಲಿಸಿದ. ಗುಳಿಗೆ ನಿಂತವು. ಮದುವೆಗೆ ವಾರವಿರುವಾಗ ಕಾಯಿಲೆ ಮರಳಿತು. ಮದುವೆ ನಿಲ್ಲಲಿಲ್ಲ, ಅಕ್ಕಿಕಾಳು ಬೀಳುವಾಗ ಹಡೆದಪ್ಪನನ್ನು ಹಿತ್ತಲಿನ ಕೋಣೆಯಲ್ಲಿ ಹಾಕಿ ಹೊರಗಿನಿಂದ ಚಿಲಕ ಹಾಕಿದ್ದರು. ನಾನು ಆ ಮದುವೆಯಲ್ಲಿ ಉಂಡು ಬಂದವನು.

ನಿನ್ನ ಮಾತು ಕೇಳಿ ಸುಮ್ಮನಾದದ್ದು ಇದಕ್ಕೆ. ಆ ಊರಿಗೆ ಅಂಥ ಒಂದು ಮಾತು ಬೇಕಾಗಿತ್ತು. ನನ್ನ ಮಗಳು ಅದನ್ನು ನನಗೇ ಹೇಳಿದಳೆಂಬ ಹೆಮ್ಮೆಯನ್ನು ಆಗ ಬಾಯಿಬಿಟ್ಟು ಹೇಳಲಾಗಲಿಲ್ಲ.

ಇನ್ನು ಮುಂದೆ ಬರೆಯುವುದು ನಿನಗೆ ಗೊತ್ತಿದ್ದದ್ದೇ ಇದ್ದೀತು. ನೀನು ಪರೀಕ್ಷೆಗೆ ಓದಿ ಮನೆಯಲ್ಲಿ ಬಿಟ್ಟುಹೋದ ಪುಸ್ತಕಗಳನ್ನು ನಿವೃತ್ತಿಯ ಬಿಡುವಿನಲ್ಲಿ ನಾನೂ ಓದಿದ್ದೇನೆ. ಸರ್ಕಾರಿ ನೌಕರನ ಚಟ, ಕಲಂ ಸಂಖ್ಯೆ ಕಂಡಲ್ಲಿ ಪೆನ್ಸಿಲ್ ಗೆರೆ ಎಳೆದಿದ್ದೇನೆ, ಬಯ್ಯಬೇಡ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೆಯ ಕಲಂ ಗೌಪ್ಯತೆಯನ್ನು ಕಾಯಿಲೆಯವರ ಹಕ್ಕು ಎಂದೇ ಕರೆಯುತ್ತದೆ. ಒಳ್ಳೆಯದು. ಆದರೆ ನೀನು ಬಾಯಿ ಮುಚ್ಚಿಕೊಂಡರೆ ಸಾಕಾಗುವುದಿಲ್ಲ. ನಮ್ಮ ಊರುಗಳಲ್ಲಿ ಗುಟ್ಟು ಒಳಗೆ ಆಡಿದ ಮಾತಿನಿಂದ ಒಡೆಯುವುದು ಕಡಿಮೆ, ಯಾರು ಬಂದರು ಎಂಬುದರಿಂದ ಒಡೆಯುತ್ತದೆ. ನಿನ್ನ ಕೋಣೆಯ ಹೊರಗೊಂದು ಬೆಂಚು ಇದೆ, ಎದುರಿಗೆ ಮೆಟ್ಟಿಲು, ಕೆಳಗೆ ಚಹಾದ ಅಂಗಡಿ ಎಂದು ನೀನೇ ಹೇಳಿದ್ದೆ. ಆ ಬೆಂಚಿನ ಮೇಲೆ ಕೂತವರಿಗೆ ಮೆಟ್ಟಿಲು ಹತ್ತುವವರೆಲ್ಲ ಕಾಣುತ್ತಾರೆ. ಬೆಂಚನ್ನು ಗೋಡೆಯ ಮರೆಗೆ ಸರಿಸು, ಇಲ್ಲವೇ ಒಂದು ಪರದೆ ಕಟ್ಟಿಸು. ಒಬ್ಬರು ಹೊರಟು ಇನ್ನೊಬ್ಬರು ಬರುವ ನಡುವೆ ಹದಿನೈದು ನಿಮಿಷವಾದರೂ ಬಿಡು. ಹುಬ್ಬಳ್ಳಿ ದೊಡ್ಡ ಊರಾದರೂ ಗದಗ, ಹಾವೇರಿ, ನವಲಗುಂದದವರೆಲ್ಲ ಬರುವುದು ಅಲ್ಲಿಗೇ, ಅತ್ತೆಯ ತವರಿನವರು ಸೊಸೆಗೆ ಎದುರಾಗಲು ಹೊತ್ತು ಬೇಕಿಲ್ಲ. ಬಂದವರ ಮುಂದೆ ಹೆಸರು ಹಿಡಿದು ಕೂಗಬೇಡ. ಫೋನಿಗೆ ಸಂದೇಶ ಕಳಿಸುವ ಮೊದಲು, ಕಳಿಸಬಹುದೇ, ಆ ಫೋನನ್ನು ಮನೆಯಲ್ಲಿ ಬೇರೆ ಯಾರು ನೋಡುತ್ತಾರೆ ಎಂದು ಮೊದಲ ದಿನವೇ ಕೇಳು. ದುಡ್ಡನ್ನು ಫೋನ್‌ಪೇಯಲ್ಲಿ ಹಾಕಿಸಿಕೊಂಡರೆ ಯಾರ ಹೆಸರಿಗೆ ಹೋಯಿತೆಂಬುದು ಅದರಲ್ಲಿ ಉಳಿಯುತ್ತದೆ, ಗಂಡನ ಖಾತೆಯಾದರೆ ಗಂಡನಿಗೆ ಗೊತ್ತಾಗುತ್ತದೆ. ಪಾಸ್‌ಬುಕ್ಕು ಓದಿ ಮನೆಯ ಕಥೆ ತಿಳಿದುಕೊಳ್ಳುವವರನ್ನು ನಾನು ಉಳಿತಾಯ ಖಾತೆಯ ಕಿಟಕಿಯಲ್ಲಿ ಬೇಕಾದಷ್ಟು ನೋಡಿದ್ದೇನೆ.

ಇನ್ನೊಂದು. ನಮ್ಮ ಕಡೆ ಒಬ್ಬರೇ ಬರುವವರು ಕಡಿಮೆ. ತಾಯಿ ಬರುತ್ತಾಳೆ, ಗಂಡ ಬರುತ್ತಾನೆ, ಕಾರು ಇದ್ದವನೆಂದು ಮೈದುನನೂ ಬರುತ್ತಾನೆ, ಎಲ್ಲರೂ ಒಳಗೇ ಕೂತು ಅವಳ ಪರವಾಗಿ ತಾವೇ ಮಾತನಾಡುತ್ತಾರೆ. ತಲೆನೋವು, ನಿದ್ದೆ ಇಲ್ಲ, ಊಟ ಸೇರುವುದಿಲ್ಲ ಎಂದು ಅವರು ಹೇಳುತ್ತಾರೆ. ಅವಳಿಗೇನು ಆಗಿದೆ ಎಂದು ಅವಳು ಹೇಳುವುದು ಬಾಗಿಲು ಮುಚ್ಚಿದ ಮೇಲೆ. ಅವರನ್ನು ಕಡೆಗಣಿಸಬೇಡ, ನಾಳೆ ಅವಳನ್ನು ಮತ್ತೆ ಕಳಿಸಬೇಕಾದವರು ಅವರೇ. ಮೊದಲು ಎಲ್ಲರ ಮಾತು ಕೇಳು, ಆಮೇಲೆ ಗೌರವದಿಂದ ಹೊರಗೆ ಕೂರಿಸು. ಸಂಜೆ ಫೋನ್ ಮಾಡಿ "ರೊಕ್ಕ ಕೊಟ್ಟಾವ್ರು ನಾವು, ಆಕಿ ಏನಂದ್ಲು ಹೇಳ್ರಿ" ಎನ್ನುತ್ತಾರೆ. ಮನಿಯಾರ್ಡರಿನ ಹಣ ಕಟ್ಟಿದವನಿಗೆ ಮುಟ್ಟಿದ ರಸೀದಿ ಕೊಡುತ್ತಿದ್ದೆವು, ಆ ಹಣದಲ್ಲಿ ಅವರು ಏನು ಕೊಂಡರೆಂದು ಹೇಳುತ್ತಿರಲಿಲ್ಲ. ನೀನೂ ಅಷ್ಟೇ ಹೇಳು: ಬಂದಿದ್ದರು, ಮುಂದಿನ ವಾರ ಬರಬೇಕು.

ಹಾಗೆಂದು ಯಾರಿಗೂ "ನೀವು ಹೇಳಿದ್ದೆಲ್ಲ ನನ್ನಲ್ಲೇ ಇರುತ್ತದೆ" ಎಂದು ಮಾತು ಕೊಡಬೇಡ. ಯಾವುದು ಇರುವುದಿಲ್ಲ ಎಂಬುದನ್ನು ಅವರು ಬಾಯಿ ತೆರೆಯುವ ಮೊದಲೇ ತಿಳಿಸು. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆ ಎಂದು ಗೊತ್ತಾದರೆ 2012ರ ಪೋಕ್ಸೋ ಕಾಯ್ದೆಯ 19ನೆಯ ಕಲಮಿನ ಪ್ರಕಾರ ನೀನು ಪೊಲೀಸರಿಗೆ ತಿಳಿಸಲೇಬೇಕು, ಮನೆಯವರು ಎಷ್ಟು ಕೈಮುಗಿದರೂ. ಪ್ರಾಣಕ್ಕೆ ಅಪಾಯವೆನಿಸಿದರೆ ಮನೆಯವರನ್ನು, ವೈದ್ಯರನ್ನು ಸೇರಿಸಿಕೊಳ್ಳಬೇಕು. ಸಾಯುವ ಯೋಚನೆ ಬರುತ್ತದೆಯೇ ಎಂದು ಬಾಯಿಬಿಟ್ಟು ಕೇಳುವುದಕ್ಕೆ ಹಿಂಜರಿಯಬೇಡ. ಕೇಳಿದರೆ ಇಲ್ಲದ ಯೋಚನೆ ಹುಟ್ಟುವುದಿಲ್ಲ ಎಂದು ನಿನ್ನ ಪುಸ್ತಕದಲ್ಲೇ ಇದೆ. ಪೊಲೀಸ್ ಕೇಸಾದೀತೆಂದು ಹಿಂದಿನ ಪ್ರಯತ್ನವನ್ನು ಮುಚ್ಚಿಡುವ ಮನೆಗಳು ಈಗಲೂ ಇವೆ. ಸಾಯಲು ಪ್ರಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದೇ ಭಾವಿಸಬೇಕು, ಶಿಕ್ಷಿಸಬಾರದು ಎಂದು ಅದೇ 2017ರ ಕಾಯ್ದೆಯ 115ನೆಯ ಕಲಂ ಹೇಳುತ್ತದೆ, ಅದನ್ನು ಅವರಿಗೆ ತಿಳಿಸು. ರಾತ್ರಿ ಹೊತ್ತು ನೀನು ಸಿಗದಿದ್ದಾಗ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಬಹುದೆಂದು ಪ್ರತಿಯೊಬ್ಬರಿಗೂ ಹೇಳಿ ಕಳಿಸು, ದುಡ್ಡು ಬೀಳುವುದಿಲ್ಲ, ಕನ್ನಡದಲ್ಲೇ ಮಾತನಾಡುತ್ತಾರೆ.

ಉಪದೇಶ ಮಾಡುವುದಿಲ್ಲ ಎಂದುಕೊಂಡೇ ಪೆನ್ನು ಹಿಡಿದಿದ್ದೆ. ಎರಡು ಹಾಳೆ ಉಪದೇಶವೇ ಆಯಿತು, ಕ್ಷಮಿಸು.

ನನ್ನ ನಿಜವಾದ ಚಿಂತೆ ಬಂದವರದಲ್ಲ, ನಿನ್ನದು. 2013ರ ಜುಲೈನಲ್ಲಿ ತಾರು ಸೇವೆ ನಿಂತಾಗ ಪತ್ರಿಕೆಯವರೆಲ್ಲ ಮರುಗಿ ಬರೆದರು. ನನಗೆ ಒಳಗೊಳಗೇ ಹಗುರವಾಯಿತು. ಮಗ ತೀರಿಹೋದ ಸುದ್ದಿ ತಾಯಿಗಿಂತ ಮೊದಲು ನನಗೆ ತಿಳಿಯುತ್ತಿತ್ತು, ಮನೆಗೆ ಬಂದು ಯಾರಿಗೂ ಹೇಳುವಂತಿರಲಿಲ್ಲ, ಆ ರಾತ್ರಿ ಊಟ ಸೇರುತ್ತಿರಲಿಲ್ಲ, ನಿನ್ನ ಅವ್ವ ಅಡುಗೆ ಕೆಟ್ಟಿತೆಂದು ತಿಳಿಯುತ್ತಿದ್ದಳು. ನಿನಗೆ ಅದು ವಾರಕ್ಕೊಮ್ಮೆಯಲ್ಲ, ದಿನಕ್ಕೆ ನಾಲ್ಕೈದು ಸಲ. ನಮ್ಮ ಮುಂದೆ ಹೇಳಬಾರದು, ಸರಿ. ಹಾಗಾದರೆ ಎಲ್ಲಿ ಇಳಿಸುತ್ತೀ? ನಿನ್ನ ಮೇಲಿನ ಹಿರಿಯ ಮೇಡಂ ಹದಿನೈದು ದಿನಕ್ಕೊಮ್ಮೆ ನಿನ್ನ ಕೆಲಸ ಕೂತು ಕೇಳುತ್ತಾರೆ ಎಂದಿದ್ದೆ. ಎಷ್ಟೇ ಗದ್ದಲವಿದ್ದರೂ ಅದನ್ನು ಮುಂದೂಡಬೇಡ, ಅವರು ಮುಂದೂಡಿದರೆ ನೀನು ಬೆನ್ನುಹತ್ತು. ನಿನ್ನ ಕೈಯಿಂದ ಆಗದ್ದು ಬಂದಾಗ, ಗುಳಿಗೆ ಬೇಕಾದ ಕಾಯಿಲೆ ಎನಿಸಿದಾಗ, ಮನೋವೈದ್ಯರ ಕಡೆ ಕಳಿಸುವುದಕ್ಕೆ ಸಂಕೋಚ ಪಡಬೇಡ. ಹೇಗೆ ಹೋಗಬೇಕು, ಚೀಟಿ ಎಲ್ಲಿ ಮಾಡಿಸಬೇಕು ಎಂಬುದನ್ನೂ ಹೇಳಿ ಕಳಿಸು. ಈಗಿನವರಿಗೆ ಚಿಗರಿ ಬಸ್ಸಿದೆ, ಹುಬ್ಬಳ್ಳಿಯಿಂದ ಧಾರವಾಡಕ್ಕೆ ದಿನಕ್ಕೆ ಸಾವಿರಾರು ಜನ ಹೋಗುತ್ತಾರೆ, ಯಾರು ಯಾಕೆ ಹೋದರೆಂದು ಯಾರೂ ಕೇಳುವುದಿಲ್ಲ.

ಬರುವ ವಾರ ಕಣ್ಣಿನ ತಪಾಸಣೆಗೆ ನಾನು ಹುಬ್ಬಳ್ಳಿಗೆ ಬರುತ್ತೇನೆ. ನಿನ್ನ ಕೋಣೆಯ ಬಾಗಿಲಿಗೆ ಹಾಕಿದ ಹೆಸರಿನ ಫಲಕ ನೋಡಬೇಕೆಂದು ನಿನ್ನ ಅವ್ವನಿಗೂ ನನಗೂ ಬಹಳ ಆಸೆಯಿತ್ತು. ಆದರೆ ಯೋಚಿಸಿ ನೋಡಿದೆ: ರೋಣ, ಗದಗ, ಬೆಟಗೇರಿಯಲ್ಲಿ ನನ್ನ ಮುಖ ಗೊತ್ತಿಲ್ಲದವರು ಕಡಿಮೆ. ಆ ಬೆಂಚಿನ ಮೇಲೆ ನಮ್ಮ ಕಡೆಯವರು ಯಾರಾದರೂ ಕೂತಿದ್ದರೆ, ಪೋಸ್ಟ್ ಮಾಸ್ತರರು ಮೆಟ್ಟಿಲು ಹತ್ತಿ ಬರುತ್ತಿರುವುದನ್ನು ಕಂಡು ಎದ್ದು ಹೋಗಿಬಿಟ್ಟಾರು. ಆದ್ದರಿಂದ ನಾನು ಅಲ್ಲಿಗೆ ಬರುವುದಿಲ್ಲ. ಫಲಕದ ಫೋಟೋ ತೆಗೆದು ಕಳಿಸು, ಬೆಂಚು ಖಾಲಿ ಇರುವಾಗ. ಕೊನೆಯವರು ಹೋದ ಮೇಲೆ ಚೆನ್ನಮ್ಮ ವೃತ್ತದ ಹತ್ತಿರ ಎಷ್ಟು ಹೊತ್ತಿಗೆ ಬರಬಲ್ಲೆ ಎಂದು ತಿಳಿಸು, ಅವ್ವ ಕಟ್ಟಿಕೊಡುವ ರೊಟ್ಟಿ ಮತ್ತು ಶೇಂಗಾ ಹಿಂಡಿಯ ಗಂಟು ಕೊಟ್ಟು ಸಂಜೆಯ ಬಸ್ಸಿಗೆ ಮರಳುತ್ತೇನೆ.

ಇಂತಿ ನಿನ್ನ ಅಪ್ಪ

ತಾ.ಕ.: ಕಡತಗಳನ್ನು ಇಡುವ ಕಪಾಟಿಗೆ ಬೀಗ ಇದೆಯೇ ಎಂಬುದನ್ನು ನೀನು ಹೇಳಲಿಲ್ಲ. ಇಲ್ಲದಿದ್ದರೆ ಸೋಮವಾರದೊಳಗೆ ಹಾಕಿಸು. ಎರಡನೆಯ ಕೀಲಿಯನ್ನು ಕಸ ಗುಡಿಸುವವರ ಕೈಗೆ ಕೊಡಬೇಡ.