ವಾಚಿನ 96 ನಂಬಿ ಘಾಟಿ ಇಳಿಯಬೇಡಿ

ಸಂಪಾದಕರೇ,

ಸ್ಮಾರ್ಟ್‌ವಾಚ್ ಕಟ್ಟಿಕೊಂಡು ಮಲಗಿ, ಬೆಳಿಗ್ಗೆ ‘ಆಕ್ಸಿಜನ್ 96 ಇದೆ, ನನಗೆ ಸ್ಲೀಪ್ ಅಪ್ನಿಯಾ ಇಲ್ಲ’ ಎನ್ನುವವರು ನಮ್ಮ ಜಿಲ್ಲೆಯಲ್ಲೂ ಹೆಚ್ಚುತ್ತಿದ್ದಾರೆ. ನಿದ್ದೆಯಲ್ಲಿ ಉಸಿರು ಕಟ್ಟುವ ಈ ಕಾಯಿಲೆ ಇದ್ದವರಿಗೆ ಎಚ್ಚರವಿರಬೇಕಾದ ಹೊತ್ತಿನಲ್ಲೂ ತೂಕಡಿಕೆ ಬರುತ್ತದೆ. ರಾತ್ರಿ ಶಿರಾಡಿ ಘಾಟಿ ಇಳಿಯುವ ಚಾಲಕರೂ ಇವರಲ್ಲಿದ್ದಾರೆ. ಆ 96ರಿಂದ ಏನೂ ತೀರ್ಮಾನವಾಗದು.

ನಿದ್ದೆಯಲ್ಲಿ ಗಂಟಲು ಮುಚ್ಚಿಕೊಂಡು ಉಸಿರು ಕನಿಷ್ಠ 10 ಸೆಕೆಂಡ್ ನಿಂತರೆ ಒಂದು ಅಪ್ನಿಯಾ. ಅರ್ಧಂಬರ್ಧ ಕಟ್ಟಿದ್ದನ್ನೂ ಸೇರಿಸಿ ಗಂಟೆಗೆ 5 ಆದರೆ ಕಾಯಿಲೆ ಶುರು, 15 ಆದರೆ ಮಧ್ಯಮ, 30ಕ್ಕೆ ತೀವ್ರ. ಆಮ್ಲಜನಕ ಇಳಿಯುವುದು, ಮತ್ತೆ ಏರುವುದು ಎಲ್ಲ ಒಂದೆರಡು ನಿಮಿಷದೊಳಗೆ ಮುಗಿಯುತ್ತದೆ. ಅಗ್ಗದ ಬ್ಯಾಂಡುಗಳಲ್ಲಿ ಹಲವು ಬ್ಯಾಟರಿ ಉಳಿಸಲು ಬಿಟ್ಟು ಬಿಟ್ಟು ಅಳೆಯುತ್ತವೆ. ನಡುವೆ ಉಸಿರು ಎಷ್ಟು ಸಲ ಕಟ್ಟಿದರೂ ಅವಕ್ಕೆ ಸುಳಿವಿಲ್ಲ, ಸರಾಸರಿ ಮಾತ್ರ ಚೆಂದ.

ಸ್ಯಾಮ್‌ಸಂಗ್, ಆ್ಯಪಲ್ ವಾಚುಗಳ ಅಪ್ನಿಯಾ ಸೌಲಭ್ಯಕ್ಕೆ ಅಮೆರಿಕದ ಔಷಧ, ವೈದ್ಯಕೀಯ ಉಪಕರಣ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರಲ್ಲಿ ಒಪ್ಪಿಗೆ ಕೊಟ್ಟಿದೆ, ನಿಜ. ಮೊದಲನೆಯದಕ್ಕೆ 10 ದಿನದೊಳಗೆ ಎರಡು ರಾತ್ರಿಯ ನಿದ್ದೆ ಬೇಕು, ತಲಾ 4 ಗಂಟೆಗಿಂತ ಹೆಚ್ಚು. ಎರಡನೆಯದು ನೋಡುವುದು ಆಮ್ಲಜನಕವನ್ನಲ್ಲ, ಮಣಿಕಟ್ಟಿನ ಸಣ್ಣ ಅಲುಗಾಟವನ್ನು. ಅದಕ್ಕೆ 30 ದಿನದಲ್ಲಿ ಕನಿಷ್ಠ 10 ರಾತ್ರಿ ಬೇಕು. ಎರಡೂ ಹುಡುಕುವುದು ಮಧ್ಯಮ ಮತ್ತು ತೀವ್ರ ಹಂತವನ್ನು ಮಾತ್ರ, ಅದರಲ್ಲೂ ಕೆಲವರನ್ನು ಬಿಟ್ಟುಬಿಡುತ್ತವೆ. ಎಚ್ಚರಿಕೆ ಬಂದರೆ ವೈದ್ಯರ ಬಳಿ ಹೋಗಿ. ಬರಲಿಲ್ಲವೆಂದು ಸುಮ್ಮನಾಗಬೇಡಿ.

ಉಲ್ಟಾ ತಪ್ಪೂ ಆಗುತ್ತದೆ. ಪಟ್ಟಿ ಸಡಿಲವಿದ್ದರೆ, ಕೈ ಮೈಯಡಿ ಸಿಕ್ಕಿದರೆ, ಡಿಸೆಂಬರ್ ಚಳಿಗೆ ಬೆರಳು ಮರಗಟ್ಟಿದರೆ ಆಮ್ಲಜನಕ 85 ಎಂದೂ ತೋರಿಸೀತು. ಪಟ್ಟಿಯನ್ನು ಮಣಿಕಟ್ಟಿನ ಮೂಳೆಗಿಂತ ಒಂದು ಬೆರಳು ಮೇಲೆ, ಜಾರದಷ್ಟು ಬಿಗಿಯಾಗಿ ಕಟ್ಟಬೇಕು.

ದರ್ಜಿಯ ಟೇಪೂ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಬಾಗಿಲಾಚೆಗೂ ಕೇಳುವ ಗೊರಕೆ, ಹಗಲು ತೂಕಡಿಕೆ, ಉಸಿರು ನಿಂತದ್ದನ್ನು ಮನೆಯವರು ಕಂಡದ್ದು, ಬಿಪಿ, ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ) 35ಕ್ಕಿಂತ ಹೆಚ್ಚು, ವಯಸ್ಸು 50 ದಾಟಿದ್ದು, ಕತ್ತಿನ ಸುತ್ತಳತೆ 40 ಸೆಂ.ಮೀ. ಮೀರಿದ್ದು, ಗಂಡಸಾಗಿರುವುದು: ಎಂಟರಲ್ಲಿ ಮೂರಕ್ಕೆ ‘ಹೌದು’ ಎಂದರೆ, ವಾಚು ಏನೇ ಹೇಳಲಿ, ಪರೀಕ್ಷೆ ಮಾಡಿಸಿ. ಮೂಗಿಗೆ ಕೊಳವೆ, ಎದೆಗೆ ಬೆಲ್ಟು, ಬೆರಳಿಗೆ ಕ್ಲಿಪ್ಪು ಹಾಕಿ ಮನೆಯಲ್ಲೇ ಒಂದು ರಾತ್ರಿ ಮಲಗಿದರಾಯಿತು. ಆದರೆ ಈ ಯಂತ್ರ ಸಾಮಾನ್ಯವಾಗಿ ನಿದ್ದೆಯನ್ನು ಅಳೆಯದು. ಎಚ್ಚರವಿದ್ದ ಹೊತ್ತನ್ನೂ ಲೆಕ್ಕಕ್ಕೆ ಹಿಡಿದು ಗಂಟೆವಾರು ಸಂಖ್ಯೆಯನ್ನು ತಗ್ಗಿಸುತ್ತದೆ. ವರದಿ ಸರಿಯಿದ್ದೂ ತೂಕಡಿಕೆ ಬಿಡದಿದ್ದರೆ ಆಸ್ಪತ್ರೆಯ ಪೂರ್ಣ ಪರೀಕ್ಷೆಯೇ ಬೇಕು.

ಚಾಲಕರ ಆರೋಗ್ಯ ಶಿಬಿರಗಳಲ್ಲಿ ಶುಗರ್, ಬಿಪಿ ನೋಡುವಾಗ ಈ ಎಂಟು ಪ್ರಶ್ನೆ ಕೇಳಿ, ಕತ್ತನ್ನೂ ಅಳೆಯುವ ವ್ಯವಸ್ಥೆಯನ್ನು ಹಾಸನ, ಚಿಕ್ಕಮಗಳೂರು ಜಿಲ್ಲಾಡಳಿತಗಳು ಮಾಡಲಿ.

– ನಿದ್ರಾ ಪರೀಕ್ಷಾ ತಂತ್ರಜ್ಞರು, ಹಾಸನ